ವಿಜಯನಗರದ ಭಾನುವಾರದ ಸಂವಿಧಾನ ಕ್ಲಾಸ್: ಪಾಠಕ್ಕೆ ಹೋಗಿ, ನೋಟ್ಸ್ ನಂಬಬೇಡಿ

ಕೆಎಎಸ್‌ಗೆ ಓದುತ್ತಿದ್ದೇನೆ. ಬೆಂಗಳೂರು ವಿಜಯನಗರದ ಒಂದು ಕೋಚಿಂಗ್ ಸೆಂಟರ್‌ನಲ್ಲಿ ಭಾನುವಾರ ಬೆಳಿಗ್ಗೆ ಕನ್ನಡದಲ್ಲೇ ಸಂವಿಧಾನ ಪಾಠ ಮಾಡುತ್ತಾರೆ. ಕಳೆದ ವಾರ ಎರಡು ಗಂಟೆ ಪೂರ್ತಿ ಅಟಾರ್ನಿ ಜನರಲ್ ಬಗ್ಗೆ, ಅಂದರೆ ಕೇಂದ್ರ ಸರ್ಕಾರದ ಅತಿ ದೊಡ್ಡ ಕಾನೂನು ಅಧಿಕಾರಿ. ಇಷ್ಟಕ್ಕೆ ಎರಡು ಗಂಟೆ ಯಾಕೆ ಅನ್ನಿಸಿತ್ತು, ಆದರೆ ಕೊನೆಗೆ ಸಾಲಲಿಲ್ಲ.

ಮೇಷ್ಟ್ರು ಬೋರ್ಡ್ ಮೇಲೆ ನಮ್ಮ ಹೈಕೋರ್ಟ್ ಕಟ್ಟಡದ ಚಿತ್ರ ಬರೆದರು, ಕೆಂಪು ಸೀಮೆಸುಣ್ಣದಲ್ಲೇ. ದೆಹಲಿಯ ಅಟಾರ್ನಿ ಜನರಲ್ ಇಲ್ಲಿಗೆ ಬಂದು ವಾದ ಮಾಡಬಹುದಾ ಅಂತ ಕೇಳಿದರು. ಅರ್ಧ ಕ್ಲಾಸ್ ಇಲ್ಲ ಅಂದಿತು, ನಾನೂ ಅಂದೆ. ಮಾಡಬಹುದಂತೆ! 76ನೇ ವಿಧಿ ಪ್ರಕಾರ ದೇಶದ ಯಾವ ಕೋರ್ಟಿನಲ್ಲಾದರೂ ವಾದಿಸುವ ಹಕ್ಕು ಅವರಿಗಿದೆ. ಆಮೇಲೆ ಸಂಸತ್ತಿನ ಚಿತ್ರ, ಪಕ್ಕದಲ್ಲಿ ಒಂದು ಬಾಯಿ, ಒಂದು ಎತ್ತಿದ ಕೈ. ಕೈ ಮೇಲೆ ಗೀಟು ಹೊಡೆದರು. ಎರಡೂ ಸದನದಲ್ಲಿ ಮಾತಾಡಬಹುದು, ಓಟು ಹಾಕುವ ಹಾಗಿಲ್ಲ, ಅದು 88ನೇ ವಿಧಿ. ಇನ್ನು ನಾನು ಮರೆಯಲ್ಲ.

ಬೆಂಗಳೂರಿನ ವಕೀಲರು ಎಜಿ ಅಂದರೆ ಸಾಮಾನ್ಯವಾಗಿ ರಾಜ್ಯದ ಅಡ್ವೊಕೇಟ್ ಜನರಲ್ (ರಾಜ್ಯ ಸರ್ಕಾರದ ಕಾನೂನು ಅಧಿಕಾರಿ), ಅವರು 165ನೇ ವಿಧಿಯವರು, ದೆಹಲಿ ಸುದ್ದಿಯಲ್ಲಿ ಎಜಿ ಅಂದರೆ ಅಟಾರ್ನಿ ಜನರಲ್, ಈ ಗೊಂದಲ ನನಗೆ ವರ್ಷದಿಂದ ಇತ್ತು, ಅದನ್ನು ಐದೇ ನಿಮಿಷದಲ್ಲಿ ಬಿಡಿಸಿದರು. ಅಟಾರ್ನಿ ಜನರಲ್ ನಂತರದ ಸ್ಥಾನದ ಸಾಲಿಸಿಟರ್ ಜನರಲ್ ಹುದ್ದೆ ಸಂವಿಧಾನದಲ್ಲೇ ಇಲ್ಲ ಅನ್ನೋದೂ ಅಲ್ಲೇ ಗೊತ್ತಾಯಿತು.

ಬೇಜಾರಾಗಿದ್ದು ನೋಟ್ಸ್ ನೋಡಿ. ಅಟಾರ್ನಿ ಜನರಲ್ ಅವಧಿ 5 ವರ್ಷ ಅಂತ ಅಚ್ಚಾಗಿದೆ. ತಪ್ಪು. ಸಂವಿಧಾನ ಅವಧಿಯನ್ನೇ ಹೇಳಿಲ್ಲ, ರಾಷ್ಟ್ರಪತಿಗಳ ಇಷ್ಟ ಇರುವ ತನಕ ಇರುತ್ತಾರೆ. ಮೊದಲನೆಯವರಾದ ಎಂ.ಸಿ. ಸೆಟಲ್ವಾಡ್ 1950ರಿಂದ 1963ರವರೆಗೆ ಇದ್ದರು. ವಯಸ್ಸಿನ ಮಿತಿಯೂ ಇಲ್ಲ, ಕೆ.ಕೆ. ವೇಣುಗೋಪಾಲ್ 2017ರಲ್ಲಿ ಬಂದಾಗ 80 ದಾಟಿತ್ತು. ಮೇಷ್ಟ್ರು ಬಾಯಲ್ಲಿ ಸರಿಯಾಗಿಯೇ ಹೇಳಿದರು. ಆದರೆ ಕ್ಲಾಸ್ ತಪ್ಪಿಸಿಕೊಂಡವರು ಸುಮ್ನೆ ನೋಟ್ಸ್ ಓದಿ ಪರೀಕ್ಷೆಗೆ ಹೋದರೆ? ನೆಗೆಟಿವ್ ಮಾರ್ಕ್ಸ್ ಬೇರೆ ಇದೆ. ಆಫೀಸಿನಲ್ಲಿ ಹೇಳಿದೆ, ತಿದ್ದುತ್ತೇವೆ ಅಂದರು, ಈ ವಾರವೂ ಅದೇ ಜೆರಾಕ್ಸ್ ಹಂಚುತ್ತಿದ್ದರು.

ಹಿಂದಿನ ಬೆಂಚಿಗೆ ಬೋರ್ಡ್ ಸರಿಯಾಗಿ ಕಾಣಲ್ಲ, ಬೇಗ ಹೋಗಿ. ಮುಂದಿನ ಭಾನುವಾರ ಸಿಎಜಿ ಪಾಠ, ಅಂದರೆ ಸರ್ಕಾರದ ಲೆಕ್ಕ ಪರಿಶೋಧಿಸುವವರು. ನಾನು ಹೋಗುತ್ತೇನೆ, ಸಂವಿಧಾನದ ಕನ್ನಡ ಪ್ರತಿ ಜೊತೆಗೆ ಇಟ್ಟುಕೊಂಡು.