ಟಿವಿ ಆಂಟೆನಾ ರಿಪೇರಿಯವರು ತೋರಿಸುವ ಸಿಗ್ನಲ್ ಪಟ್ಟಿಯನ್ನು ನಂಬಿ ಹಣ ಕೊಡಬೇಡಿ

ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದೆ, ಮಾತು ಅರ್ಧಕ್ಕೇ ನಿಲ್ಲುತ್ತಿದೆ ಅಂತ ಆಂಟೆನಾ ರಿಪೇರಿಯವರನ್ನು ಮನೆಗೆ ಕರೆಸುವ ಮುಂಚೆ ದಯವಿಟ್ಟು ಇದನ್ನು ಪೂರ್ತಿ ಓದಿ. ಮನೆ ಮೇಲಿನ ಆಂಟೆನಾದಿಂದ ಡಿಜಿಟಲ್ ಟಿವಿ ನೋಡುವವರೆಲ್ಲ ಓದಿ. ಬರೆಯುವಾಗಲೂ ನನಗೆ ಸಿಟ್ಟು ಇಳಿದಿಲ್ಲ, ಹಾಗಾಗಿ ಹಿಂದುಮುಂದಾದರೆ ಸಹಿಸಿಕೊಳ್ಳಿ.

ನಮ್ಮ ತೊಂದರೆ ಇಷ್ಟೇ. ಕೆಲವು ಚಾನೆಲ್ ಚೆನ್ನಾಗಿ ಬರುತ್ತಿದ್ದವು, ಕೆಲವು ಒಡೆಯುತ್ತಿದ್ದವು. ಮಳೆ ಬಂದರೆ ಜಾಸ್ತಿ. ಬಿಸಿಲು ಬಿದ್ದ ಮೇಲೆ ನಿಧಾನಕ್ಕೆ ಸರಿಹೋಗುತ್ತಿತ್ತು, ಮತ್ತೆ ಮಳೆ, ಮತ್ತೆ ಅದೇ ಕಥೆ. ಇದನ್ನು ನಾನು ಫೋನಿನಲ್ಲೇ ಬಿಡಿಸಿ ಹೇಳಿದ್ದೆ. ಮಳೆ ಬಂದಾಗ ಹೆಚ್ಚು ಅಂತ ಒತ್ತಿ ಹೇಳಿದ್ದೆ. ಇದು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೆ.

ಬಂದವನು ಮೊದಲು ಮೇಲೆ ಹತ್ತಿ ನೋಡಲಿಲ್ಲ. ಕೇಬಲ್ ಮುಟ್ಟಲಿಲ್ಲ. ಟಿವಿ ಮುಂದೆ ನಿಂತು ರಿಮೋಟ್ ತಗೊಂಡು ಸಿಗ್ನಲ್ ತೋರಿಸುವ ಪುಟ ತೆರೆದ, ಅಷ್ಟೇ. "ಮೇಡಂ, ನಿಮ್ಮದು ಹಳೇ ಕಾಲದ ಆಂಟೆನಾ. ಇದು ಡಿಜಿಟಲ್‌ಗೆ ಆಗಲ್ಲ. 4ಕೆ ಡಿಜಿಟಲ್ ಆಂಟೆನಾ ಹಾಕಿಸ್ಕೊಳ್ಳಿ, ಜೊತೆಗೊಂದು ಬೂಸ್ಟರ್ ಕೊಡ್ತೀನಿ, ಜನ್ಮಕ್ಕೆ ತೊಂದ್ರೆ ಇರಲ್ಲ" ಅಂದ. ಬೂಸ್ಟರ್ ಅಂದರೆ ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆ. ಇಷ್ಟು ದಿನ ಅದೇ ಆಂಟೆನಾದಲ್ಲಿ ಡಿಜಿಟಲ್ ಚಾನೆಲ್‌ಗಳೇ ಬರುತ್ತಿದ್ದವಲ್ಲ ಅಂತ ನಾನು ಕೇಳಿದೆ. "ಆಗ ಹೆಂಗೋ ಎಳೀತಿತ್ತು ಮೇಡಂ, ಈಗ ಅದಕ್ಕೆ ವಯಸ್ಸಾಯ್ತು" ಅಂದ.

ಸುಳ್ಳು. ಅಪ್ಪಟ ಸುಳ್ಳು. ಡಿಜಿಟಲ್ ಆಂಟೆನಾ ಅಂತ ಬೇರೆ ಜಾತಿಯೇ ಇಲ್ಲ. ಆಂಟೆನಾಗೆ ಗೊತ್ತಿರುವುದು ಅಲೆಯ ಆವರ್ತನ ಮಾತ್ರ. ಅದರೊಳಗೆ ಡಿಜಿಟಲ್ ಇದೆಯೋ ಅನಲಾಗ್ ಇದೆಯೋ, 4ಕೆ ಇದೆಯೋ, ಅದಕ್ಕೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಮನೆಗಳ ಮೇಲೆ ಕಡ್ಡಿ ಕಡ್ಡಿಯಾಗಿ ಕಾಣುತ್ತಲ್ಲ, ಆ ಯಾಗಿ-ಉದಾ ಆಂಟೆನಾವನ್ನು ಜಪಾನಿನಲ್ಲಿ ರೂಪಿಸಿದ್ದು 1926ರಲ್ಲಿ. ಆಗ ಮನೆಗಳಲ್ಲಿ ಟಿವಿಯೇ ಇರಲಿಲ್ಲ! ನಿಮ್ಮ ಪ್ರದೇಶದ ಚಾನೆಲ್‌ಗಳು ಯಾವ ಆವರ್ತನದಲ್ಲಿ ಬರುತ್ತವೋ ಅದಕ್ಕೆ ಹೊಂದುವ ಆಂಟೆನಾ ಗಟ್ಟಿಯಾಗಿದ್ದರೆ ಸಾಕು. "4ಕೆ" ಅನ್ನುವುದು ಡಬ್ಬದ ಮೇಲೆ ಅಂಟಿಸಿದ ಚೀಟಿ.

ಹೊಸ ಆಂಟೆನಾ ಏರಿಸಿದ, ಬೂಸ್ಟರ್ ತಂದು ಟಿವಿ ಹಿಂದೆ ಸಿಕ್ಕಿಸಿದ. ಆಮೇಲೆ ನನ್ನನ್ನೂ ನಮ್ಮ ಮಾವನವರನ್ನೂ ಕರೆದು ಟಿವಿ ಮುಂದೆ ನಿಲ್ಲಿಸಿದ. ಆ ಪುಟದಲ್ಲಿ ತುಂಬುತ್ತಾ ಇಳಿಯುತ್ತಾ ಇರುವ ಎರಡು ಅಡ್ಡ ಪಟ್ಟಿ ಇರುತ್ತವೆ. ಮೇಲಿನದು ಸಿಗ್ನಲ್ ಬಲ, ಕೆಳಗಿನದು ಸಿಗ್ನಲ್ ಗುಣಮಟ್ಟ. ಮೇಲಿನ ಪಟ್ಟಿ ಪೂರ್ತಿ ತುಂಬಿತ್ತು. "ನೋಡಿ ಮೇಡಂ, ಮೊದಲು ಎಷ್ಟಿತ್ತು, ಈಗ ಎಷ್ಟಾಯ್ತು!" ಅಂತ ಬೆರಳಿಟ್ಟು ತೋರಿಸಿದ. ಕೆಳಗಿನದು ಹಾಗೇ ಕುಣಿಯುತ್ತಿತ್ತು, ಏರೋದು ಇಳಿಯೋದು. ಅದ್ಯಾಕೆ ಹಂಗೆ ಅಂತ ಕೇಳಿದೆ. ಅದಕ್ಕೆ ಆತ ಏನಂದ ಗೊತ್ತಾ? "ಅದು ಕಂಪನಿಯವರಿಗೆ ಮೇಡಂ, ಟೆಸ್ಟಿಂಗ್‌ಗೆ ಇರೋದು. ನಿಮಗೆ ಅದೆಲ್ಲ ಅರ್ಥ ಆಗಲ್ಲ. ನಿಮಗೆ ಬೇಕಾಗಿದ್ದು ಮೇಲಿಂದು."

ಈ ಮಾತು ಈಗಲೂ ಕಿವಿಯಲ್ಲಿ ಕುಟುಕುತ್ತೆ. ಯಾಕಂದರೆ ನಮಗೆ ಬೇಕಾಗಿದ್ದದ್ದೇ ಕೆಳಗಿನದು! ಹಳೇ ಅನಲಾಗ್ ಟಿವಿಯಲ್ಲಿ ಸಿಗ್ನಲ್ ಕಮ್ಮಿಯಾದಂತೆ ಚಿತ್ರ ಮಂಜುಮಂಜಾಗಿ, ಚುಕ್ಕಿ ಚುಕ್ಕಿಯಾಗಿ ಕೆಡುತ್ತಿತ್ತು, ಆದರೂ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಿಲ್ಲ. ತಪ್ಪುಗಳನ್ನು ಟಿವಿ ತಾನೇ ತಿದ್ದಿಕೊಳ್ಳುತ್ತೆ, ಹಾಗಾಗಿ ಒಂದು ಮಟ್ಟದವರೆಗೆ ಚಿತ್ರ ಸ್ವಚ್ಛ. ಆ ಮಟ್ಟ ದಾಟಿತೋ, ಮೊದಲು ಚೌಕ ಚೌಕ, ಆಮೇಲೆ ಪೂರ್ತಿ ಕತ್ತಲೆ. ಆ ಅಂಚಿಗೆ ಎಷ್ಟು ಹತ್ತಿರ ಇದ್ದೀವಿ ಅಂತ ಹೇಳುವುದು ಗುಣಮಟ್ಟದ ಪಟ್ಟಿ. ಬಲದ ಪಟ್ಟಿಯನ್ನು ಯಾವ ಬೂಸ್ಟರ್ ಬೇಕಾದರೂ ಏರಿಸುತ್ತೆ, ಯಾಕಂದರೆ ಅದು ಸಿಗ್ನಲ್ ಜೊತೆ ಗದ್ದಲವನ್ನೂ, ಅಂದರೆ ಅದರಲ್ಲಿ ಬೆರೆತ ಬೇಡದ ಅಲೆಗಳನ್ನೂ, ಅಷ್ಟೇ ಹಿಗ್ಗಿಸುತ್ತೆ. ಕೇಬಲ್‌ನಲ್ಲಿ ಹಾಳಾಗಿ ಬಂದದ್ದನ್ನು ಟಿವಿ ಹತ್ತಿರ ಹಿಗ್ಗಿಸಿದರೆ ಹಾಳಾದದ್ದೇ ದೊಡ್ಡದಾಗುತ್ತೆ, ಅಷ್ಟೇ. ಬೂಸ್ಟರ್ ನಿಜವಾಗಿ ಬೇಕಾದ ಮನೆಯಲ್ಲೂ ಅದು ಇರಬೇಕಾದ ಜಾಗ ಮೇಲೆ, ಆಂಟೆನಾ ಪಕ್ಕ, ಕೇಬಲ್‌ನಲ್ಲಿ ಸಿಗ್ನಲ್ ಸೋರುವ ಮುಂಚೆ. ಆತ ದಿನಾ ಇದೇ ಕೆಲಸ ಮಾಡುವವನು. ಇದು ಆತನಿಗೆ ಗೊತ್ತಿಲ್ಲ ಅಂದರೆ ನಾನು ನಂಬಲ್ಲ.

ಹಣ ತಗೊಂಡ. ಹೋಗುವಾಗ ನಮ್ಮ ಹಳೇ ಆಂಟೆನಾವನ್ನೂ ಹೆಗಲಿಗೇರಿಸಿದ. "ಗುಜರಿಗೆ ನಾನೇ ಹಾಕ್ತೀನಿ ಮೇಡಂ, ನಿಮಗ್ಯಾಕೆ ತೊಂದ್ರೆ."

ಮುಂದಿನ ಮಳೆಗೆ ಚಿತ್ರ ಮತ್ತೆ ಒಡೆಯಿತು. ಅಷ್ಟೇ ಅಲ್ಲ, ಮೊದಲು ಚೆನ್ನಾಗಿ ಬರುತ್ತಿದ್ದ ಚಾನೆಲ್‌ಗಳೂ ಹೋದವು! ಫೋನ್ ಮಾಡಿದೆ. "ಹವಾಮಾನ ಮೇಡಂ, ಎಲ್ಲರಿಗೂ ಹಿಂಗೇ ಇದೆ." ಪಕ್ಕದ ಮನೆಯಲ್ಲಿ ಚೆನ್ನಾಗಿ ಬರ್ತಿದೆಯಲ್ಲ ಅಂದೆ. "ಅವರ ಟಿವಿ ಬೇರೆ ಮೇಡಂ." ಮತ್ತೊಂದು ಸಲ ಮಾಡಿದಾಗ ಟವರ್‌ನಲ್ಲಿ ಕೆಲಸ ನಡೀತಿದೆ ಅಂದ. ಆಮೇಲೆ ನಮ್ಮ ಟಿವಿಯೊಳಗೆ ಚಾನೆಲ್ ಹಿಡಿಯುವ ಭಾಗ, ಟ್ಯೂನರ್ರೇ ಹೋಗಿದೆ ಅಂದ, ಹೊಸ ಟಿವಿ ತಗೊಳ್ಳಿ ಅಂದ. ಕೊನೆಗೆ, ಇನ್ನೂ ದೊಡ್ಡ ಬೂಸ್ಟರ್ ಇದೆ, ಸ್ವಲ್ಪ ಜಾಸ್ತಿ ಆಗುತ್ತೆ, ಹಾಕೋಣವಾ ಅಂತ ನನ್ನನ್ನೇ ಕೇಳಿದ! ಒಂದೊಂದು ಸಲ ಒಂದೊಂದು ಕಾರಣ, ಒಂದು ಸಲವೂ "ಬಂದು ನೋಡ್ತೀನಿ" ಅನ್ನಲಿಲ್ಲ. ಗ್ಯಾರಂಟಿ ಕೊಟ್ಟಿದ್ದಿರಲ್ಲ ಅಂತ ಕೇಳಿದ್ದಕ್ಕೆ ಬಂದ ಉತ್ತರ ಇದು: "ಗ್ಯಾರಂಟಿ ಸಾಮಾನಿಗೆ ಮೇಡಂ, ಸಿಗ್ನಲ್‌ಗಲ್ಲ."

ಸಾಮಾನಿಗಂತೆ, ಸಿಗ್ನಲ್‌ಗಲ್ಲವಂತೆ. ಸಿಗ್ನಲ್‌ಗೋಸ್ಕರ ಅಲ್ಲದೆ ಮತ್ಯಾವುದಕ್ಕೆ ಕರೆಸಿದ್ದು ನಾನು?

ಮಾವನವರು ಒಂದೇ ಮಾತು ಕೇಳಿದರು. "ಅವನು ಕೇಬಲ್ ಬಿಚ್ಚಿ ನೋಡಿದ್ನೇನಮ್ಮಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಎದುರಿಗೇ "ನಿಮಗೆ ಅರ್ಥ ಆಗಲ್ಲ" ಅನ್ನಿಸಿಕೊಂಡಿದ್ದೆ, ಅವರ ಎದುರಿಗೇ ದುಡ್ಡು ಎಣಿಸಿ ಕೊಟ್ಟಿದ್ದೆ. ಆ ಅವಮಾನ ಹಣಕ್ಕಿಂತ ಹೆಚ್ಚು ಸುಟ್ಟಿತು.

ಆಮೇಲೆ ಪರಿಚಯದವರ ಮೂಲಕ ಸಿಕ್ಕ ಇನ್ನೊಬ್ಬರು ಸಿಗ್ನಲ್ ಅಳೆಯುವ ಮೀಟರ್ ಸಮೇತ ಬಂದರು. ಅವರ ಮೊದಲ ಪ್ರಶ್ನೆ: ಎಲ್ಲಾ ಚಾನೆಲ್ ಹೋಗುತ್ತಾ, ಕೆಲವು ಮಾತ್ರವಾ? ಎರಡನೇದು: ಮಳೆಗೂ ಇದಕ್ಕೂ ಸಂಬಂಧ ಇದೆಯಾ? ನಾನು ಮೊದಲನೆಯವನಿಗೆ ಕೇಳದೆಯೇ ಹೇಳಿದ್ದ ಮಾತು! ಒಂದೇ ಆವರ್ತನದಲ್ಲಿ ಹಲವು ಚಾನೆಲ್ ಕಟ್ಟಾಗಿ ಬರುತ್ತವಂತೆ. ಅದಕ್ಕೇ ಕೆಟ್ಟರೆ ಒಂದು ಗುಂಪು ಒಟ್ಟಿಗೆ ಕೆಡುತ್ತೆ. ಯಾವ ಗುಂಪು ಹೋಗುತ್ತಿದೆ ಅಂತ ಬರೆದಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ ಅಂದರು. ನಮ್ಮಲ್ಲಿ ಹೋಗುತ್ತಿದ್ದದ್ದು ಮೇಲಿನ ಆವರ್ತನದವು. ಹಾಗಿದ್ದರೆ ಕೇಬಲ್‌ನಲ್ಲಿ ನೀರಿರಬೇಕು, ನೀರು ಸೇರಿದ ಕೇಬಲ್ ಮೇಲಿನ ಆವರ್ತನಗಳನ್ನು ಹೆಚ್ಚು ತಿನ್ನುತ್ತೆ ಅಂತ ಕೆಳಗೆ ನಿಂತೇ ಹೇಳಿದರು.

ಮೇಲೆ ಹತ್ತಿ ಅಳೆದರು. ಆಂಟೆನಾ ಬುಡದಲ್ಲಿ ಸಿಗ್ನಲ್ ಚೆನ್ನಾಗಿತ್ತು. ಕೆಳಗೆ ಟಿವಿ ಹತ್ತಿರ ಕೇಬಲ್ ತುದಿಯಲ್ಲಿ ಮೇಲಿನ ಚಾನೆಲ್‌ಗಳು ಕುಸಿದಿದ್ದವು. ನೋಡಿದರೆ, ಆ ಮನುಷ್ಯ ಹೊಸ ಆಂಟೆನಾಗೆ ನಮ್ಮ ಹಳೇ ಕೇಬಲ್ ಅನ್ನೇ ಜೋಡಿಸಿ, ಹಿಂದಿನ ಜಾಯಿಂಟ್ ಮೇಲೆ ಇನ್ನೊಂದು ಸುತ್ತು ಕರಿ ಟೇಪ್ ಸುತ್ತಿ ಇಳಿದಿದ್ದ. ಆ ಟೇಪ್ ಬಿಚ್ಚಿದಾಗ ನೀರು ತೊಟ್ಟಿಕ್ಕಿತು. ಒಳಗಿನ ತಾಮ್ರ ಹಸಿರುಗಟ್ಟಿತ್ತು, ಸುತ್ತಲಿನ ಜಾಲರಿ ಕಪ್ಪಾಗಿತ್ತು. ಅಂದರೆ ಆತ ಆ ಜಾಯಿಂಟ್ ಅನ್ನು ಕೈಯಲ್ಲಿ ಹಿಡಿದಿದ್ದ! ಕಣ್ಣಾರೆ ನೋಡಿದ್ದ, ಮೇಲೆ ಟೇಪ್ ಸುತ್ತಿ ಮುಚ್ಚಿದ್ದ. ಕೆಳಗಿಳಿದು ಬಂದು ನನಗೆ ತುಂಬಿದ ಪಟ್ಟಿ ತೋರಿಸಿದ್ದ.

ಚೆನ್ನಾಗಿದ್ದ ಚಾನೆಲ್‌ಗಳು ಹೋದದ್ದು ಬೂಸ್ಟರ್‌ನಿಂದ. ಮೊದಲೇ ಬಲವಾಗಿದ್ದವನ್ನು ಅದು ಇನ್ನೂ ಹಿಗ್ಗಿಸಿತ್ತು, ಅತಿಯಾಗಿ ಟ್ಯೂನರ್‌ಗೆ ಉಸಿರು ಕಟ್ಟಿತ್ತು. ಡಿಜಿಟಲ್ ಟಿವಿಗೆ ಸಾಮಾನ್ಯವಾಗಿ 45ರಿಂದ 65 ಡೆಸಿಬೆಲ್ ಮೈಕ್ರೋವೋಲ್ಟ್ (ಮೀಟರ್ ಸಿಗ್ನಲ್ ಬಲವನ್ನು ತೋರಿಸುವ ಅಳತೆ) ಸಿಕ್ಕರೆ ಸಾಕಂತೆ. ಅದರ ಮೇಲೆ ಸುರಿದಷ್ಟೂ ಕೆಡುಕು. ಸಿಗ್ನಲ್ ಜಾಸ್ತಿಯಾದರೂ ಚಿತ್ರ ಕಮ್ಮಿಯಾದಾಗ ಒಡೆಯುವ ಹಾಗೇ ಒಡೆಯುತ್ತೆ. ಆತ ಮಾರಲು ನೋಡಿದ ಇನ್ನೂ ದೊಡ್ಡ ಬೂಸ್ಟರ್ ಹಾಕಿಸಿದ್ದಿದ್ದರೆ ಗತಿ ಏನಾಗುತ್ತಿತ್ತು ಅಂತ ಯೋಚಿಸಿ.

ಇವರು ಬೂಸ್ಟರ್ ಕಿತ್ತರು, ಒಳ್ಳೇ ಹೊದಿಕೆಯ, ಟಿವಿ ಆಂಟೆನಾಗೆಂದೇ ಇರುವ 75 ಓಮ್ ಕೇಬಲ್ ಎಳೆದರು, ಕನೆಕ್ಟರ್ ಬಿಗಿ ಮಾಡಿ ರಬ್ಬರ್ ಟೇಪ್ ಸುತ್ತಿದರು, ನೀರು ಒಳಗೆ ಹರಿಯದ ಹಾಗೆ ಕೇಬಲ್‌ಗೆ ಕೆಳಮುಖವಾಗಿ ಒಂದು ಬಾಗು ಕೊಟ್ಟರು, ಚಾನೆಲ್ ಮತ್ತೆ ಹುಡುಕಿಸಿದರು. ಮುಗೀತು. ಆಮೇಲೆ ಎಷ್ಟೋ ಮಳೆ ಬಂತು, ಒಂದು ಚೌಕ ಕಂಡಿಲ್ಲ. ಹಳೇ ಆಂಟೆನಾ ಹೇಗಿತ್ತು ಅಂತ ಅವರು ಕೇಳಿದರು, ನಾನು ಹೇಳಿದೆ. ಅದೇ ಸಾಕಾಗಿತ್ತು, ಅದಕ್ಕೇನೂ ಆಗಿರಲಿಲ್ಲ ಅನ್ಸುತ್ತೆ ಅಂದರು. ಅದನ್ನು ವಾಪಸ್ ಕೊಡಿ ಅಂತ ಮೊದಲನೆಯವನಿಗೆ ಫೋನ್ ಮಾಡಿದರೆ "ಅದಾಗ್ಲೇ ಹೋಯ್ತು ಮೇಡಂ" ಅಂದ. ಜಾಯಿಂಟ್‌ನ ಫೋಟೋ ಕಳಿಸಿದೆ. ನೋಡಿದ್ದಾನೆ, ಉತ್ತರವಿಲ್ಲ. ಈಗ ನನ್ನ ಫೋನನ್ನೂ ಎತ್ತುತ್ತಿಲ್ಲ.

ಹಾಗಾಗಿ ಯಾರನ್ನೇ ಕರೆಸಿ, ಮೀಟರ್ ಇದೆಯಾ ಅಂತ ಮೊದಲೇ ಕೇಳಿ. ಇಲ್ಲ ಅಂದರೆ ಬೇಡ ಅನ್ನಿ. ಆಂಟೆನಾ ಬುಡದಲ್ಲಿ ಎಷ್ಟು, ಟಿವಿ ಹತ್ತಿರ ಎಷ್ಟು, ಎರಡೂ ನಿಮ್ಮ ಎದುರಿಗೇ ಅಳೆಯಲಿ. ಅದಕ್ಕೂ ಮುಂಚೆ ಟಿವಿ ಹಿಂದಿನ ಕನೆಕ್ಟರ್ ಬಿಚ್ಚಿ, ಜಾಲರಿಯ ಒಂದು ಎಳೆ ನಡುವಿನ ತಂತಿಗೆ ತಾಗಿದೆಯಾ ನೋಡಿ. ಸ್ಪ್ಲಿಟರ್ ಇದ್ದರೆ ತೆಗೆದು ನೇರ ಜೋಡಿಸಿ ನೋಡಿ, ಎರಡು ಕಡೆಗೆ ಹಂಚಿದರೆ ಅರ್ಧಕ್ಕಿಂತ ಹೆಚ್ಚು ಸಿಗ್ನಲ್ ಅಲ್ಲೇ ಹೋಗುತ್ತೆ. ಟಿವಿಗೆ ಬೇರೆ ಪೆಟ್ಟಿಗೆ ಜೋಡಿಸುವ ಎಚ್‌ಡಿಎಂಐ ಕೇಬಲ್ ಕಳಪೆಯಾಗಿದ್ದು ಪಕ್ಕದಲ್ಲಿದ್ದರೆ ಅದು ಕೂಡ ಚಿತ್ರ ಕೆಡಿಸುತ್ತೆ, ಅದನ್ನೂ ಬಿಚ್ಚಿ ನೋಡಿ. ಇವಕ್ಕೆಲ್ಲ ಯಾರಿಗೂ ಹಣ ಕೊಡಬೇಕಿಲ್ಲ. "ಡಿಜಿಟಲ್ ಆಂಟೆನಾ" ಅನ್ನುವ ಮಾತು ಬಾಯಿಂದ ಬಂದ ಕೂಡಲೇ ಅವರನ್ನು ವಾಪಸ್ ಕಳಿಸಿ. ಹಳೇ ಸಾಮಾನು ಮನೆಯಲ್ಲೇ ಇರಲಿ, ಯಾರು ಎಷ್ಟೇ ಉಪಕಾರದ ಮಾತಾಡಿದರೂ ಒಯ್ಯಲು ಬಿಡಬೇಡಿ. ಕೆಳಗಿನ ಪಟ್ಟಿ ಏರಿ ಅಲ್ಲಾಡದೆ ನಿಲ್ಲುವ ತನಕ ಹಣ ಬಿಚ್ಚಬೇಡಿ. ನನ್ನ ಹಣ ಇನ್ನೂ ವಾಪಸ್ ಬಂದಿಲ್ಲ.