'ಪೆಟ್ ಫ್ರೆಂಡ್ಲಿ' ಅಂತ ಬರೆದಿದ್ದಾರೆ ಅಂತ ನಂಬಿ ದುಡ್ಡು ಕಟ್ಟಬೇಡಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಟ್ರಿಪ್‌ಗೆ ಅಂತ ಸಮುದ್ರದ ದಡದಲ್ಲಿ ಬಾಡಿಗೆ ಮನೆ ಹುಡುಕಿದ್ದು ನಾನು, ಫೋನ್ ಮಾಡಿದ್ದು ನಾನು, "ನಾನೆಲ್ಲಾ ವಿಚಾರಿಸಿದ್ದೇನೆ, ನೀವು ಸುಮ್ನೆ ಬಟ್ಟೆ ತುಂಬಿಕೊಂಡು ಬನ್ನಿ" ಅಂತ ಎಲ್ಲರಿಗೂ ಧೈರ್ಯ ಹೇಳಿದ್ದೂ ನಾನೇ. ವಾಪಸ್ ಬಂದು ಮೂರು ವಾರ ಆಯಿತು. ಗುಂಪಿನಲ್ಲಿ ಯಾರಾದರೂ "ಮುಂದಿನ ಟ್ರಿಪ್" ಅಂದರೆ ಸಾಕು, ನನಗೆ ಮುಖ ಎತ್ತಲು ಆಗುವುದಿಲ್ಲ.

ನಾವು 10 ಜನ, ಜೊತೆಗೆ ಎರಡು ನಾಯಿ. ಒಂದು ನನ್ನದು. ಅವನಿಗೆ 11 ವರ್ಷ, ಹಿಂಗಾಲು ಹಿಡಿದುಕೊಳ್ಳುತ್ತದೆ, ರಾತ್ರಿ ನನ್ನ ಮಂಚದ ಪಕ್ಕ ಬಿಟ್ಟು ಬೇರೆಲ್ಲೂ ಮಲಗುವುದಿಲ್ಲ. ಇನ್ನೊಂದು ಗೆಳತಿಯದು, ಎರಡು ವರ್ಷದ ಬಿರುಗಾಳಿ. ನಾಯಿ ಇಟ್ಟುಕೊಂಡವರಿಗೆ ಗೊತ್ತಿರುತ್ತದೆ, ಅವುಗಳನ್ನು ಬಿಟ್ಟು ಹೋಗಲೂ ಆಗಲ್ಲ, ಕರೆದುಕೊಂಡು ಹೋಗಲು ಜಾಗವೂ ಸಿಗಲ್ಲ. ಹಾಗಾಗಿ ಬುಕಿಂಗ್ ಆಪ್‌ನ ಒಂದು ಜಾಹೀರಾತಿನಲ್ಲಿ ಈ ಮೂರು ಮಾತು ಒಟ್ಟಿಗೆ ಕಂಡಾಗ ನನಗೆ ಬೇರೇನೂ ಕಾಣಲಿಲ್ಲ. ಓಷನ್ ಫ್ರಂಟ್. ಪೆಟ್ ಫ್ರೆಂಡ್ಲಿ. 12 ಜನ ಮಲಗಬಹುದು.

ಫೋಟೋಗಳು ಹೇಗಿದ್ದವು ಗೊತ್ತಾ? ಮರದ ಜಗಲಿ, ಅಲ್ಲಿಂದ ಐದಾರು ಮೆಟ್ಟಿಲು ಇಳಿದರೆ ಮರಳು. ಮರಳು ಅಂದರೆ ಅಷ್ಟಗಲ ಮರಳು, ಆಮೇಲೆ ಎಲ್ಲೋ ದೂರದಲ್ಲಿ ನೀರು. ಸುತ್ತ ಬೇಲಿ, ಬೇಲಿಗೆ ಗೇಟು. ಇನ್ನೊಂದು ಫೋಟೋದಲ್ಲಿ ಹಾಲ್, ಹಾಲ್‌ನಲ್ಲಿ ದೊಡ್ಡ ಸೋಫಾ, ಸೋಫಾ ಮೇಲೆ ಒಂದು ನಾಯಿ ಹೊಟ್ಟೆ ಮೇಲೆ ಮಾಡಿಕೊಂಡು ನಿದ್ದೆ ಹೊಡೆಯುತ್ತಿದೆ. ಈ ನಾಯಿಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಫೋನ್ ಮಾಡಿದೆ. "ಎರಡು ನಾಯಿ ಇವೆ, ಪರವಾಗಿಲ್ವಾ?" ಅಂತ ಮನೆಯ ಮಾಲೀಕರನ್ನು ಕೇಳಿದೆ. "ಅಯ್ಯೋ ಮೇಡಂ, ನಾವೂ ನಾಯಿ ಸಾಕಿದವರೇ. ನಿಮ್ಮ ಮನೆ ಅಂದ್ಕೊಳ್ಳಿ" ಅಂದರು. ಎಷ್ಟು ಚೆನ್ನಾಗಿ ಮಾತಾಡಿದರು ಅಂದರೆ, ನಾನು ಮುಂದಿನ ಪ್ರಶ್ನೆ ಕೇಳುವುದಕ್ಕೇ ನಾಚಿಕೊಂಡೆ. ಬಾಡಿಗೆ ಆಪ್‌ನಲ್ಲಿ ಕಟ್ಟಿ, ಡೆಪಾಸಿಟ್ ಮತ್ತು ನಾಯಿಗಳ ಚಾರ್ಜ್ ಮಾತ್ರ ನೇರವಾಗಿ ನನ್ನ ಅಕೌಂಟಿಗೆ ಹಾಕಿ ಅಂದರು. "ಆಪ್‌ನವರಿಗೆ ಯಾಕೆ ಸುಮ್ನೆ ಕಮಿಷನ್ ಕೊಡೋದು ಅಲ್ವಾ?" ಅಲ್ವಾ ಅಂದಿದ್ದಕ್ಕೆ ನಾನೂ "ಹೌದಲ್ವಾ" ಅಂದೆ. ಹಾಕಿದೆ. ಡೆಪಾಸಿಟ್ ಅಂದರೆ ಕಡಿಮೆ ಅಲ್ಲ, ಒಂದೂವರೆ ರಾತ್ರಿಯ ಬಾಡಿಗೆಯಷ್ಟು.

ನಾವು ತಲುಪಿದ್ದು ಸಂಜೆ ಆರರ ಹೊತ್ತಿಗೆ. ಗೇಟಿನ ಚಿಲಕ ಉಪ್ಪುಗಾಳಿಗೆ ತುಕ್ಕು ತಿಂದು ಉದುರಿಹೋಗಿತ್ತು, ಹಗ್ಗದಲ್ಲಿ ಕಟ್ಟಿದ್ದರು. ಅದನ್ನು ಬಿಚ್ಚಿ, ಎಲ್ಲರೂ ಸಾಮಾನು ಅಲ್ಲಲ್ಲೇ ಬಿಟ್ಟು ಜಗಲಿಗೆ ಓಡಿದೆವು. ಮರಳು ಇಲ್ಲ. ನಿಜವಾಗಲೂ ಇಲ್ಲ. ಅಲೆ ಬಂದು ಕೊನೆಯ ಮೆಟ್ಟಿಲಿಗೆ ಬಡಿಯುತ್ತಿದೆ. ಭಾವ ಒಮ್ಮೆ ನೀರು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಇದರಲ್ಲಿ ನನ್ನ ಇನ್ನೊಂದು ಬುದ್ಧಿವಂತಿಕೆಯೂ ಇದೆ. ಸಮುದ್ರದ ಮೇಲೆ ಬೆಳದಿಂಗಳು ನೋಡಬೇಕು ಅಂತ ಹುಣ್ಣಿಮೆಯ ದಿನಗಳನ್ನೇ ಆರಿಸಿದ್ದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಜಾಸ್ತಿ ಅಂತ ಶಾಲೆಯಲ್ಲಿ ಓದಿದ್ದು ನೆನಪಿಗೆ ಬಂದಿದ್ದು ಮೆಟ್ಟಿಲ ಮೇಲೆ ನಿಂತಾಗ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ 12 ಗಂಟೆ 25 ನಿಮಿಷ. ಅಂದರೆ ಸಂಜೆ ಆರಕ್ಕೆ ನೀರು ತುಂಬಿದರೆ ಮತ್ತೆ ಬೆಳಗ್ಗೆ ಆರೂವರೆಗೆ ತುಂಬುತ್ತದೆ. ಮರಳು ಕಾಣುವುದು ಯಾವಾಗ? ನಡುರಾತ್ರಿ, ಇಲ್ಲಾ ಸುಡುಸುಡು ಮಧ್ಯಾಹ್ನ. ಮಧ್ಯಾಹ್ನದ ಮರಳಲ್ಲಿ ನಾವೇ ಚಪ್ಪಲಿ ಇಲ್ಲದೆ ನಿಲ್ಲಲಾಗಲಿಲ್ಲ, ನಾಯಿ ಪಾದ ಇಡುತ್ತದಾ? ಫೋಟೋ ತೆಗೆದವರು ಇಳಿತದ ಹೊತ್ತು ನೋಡಿಕೊಂಡೇ ತೆಗೆದಿದ್ದಾರೆ. ಕೇಳಿದ್ದಕ್ಕೆ ಬಂದ ಉತ್ತರ: "ಸಮುದ್ರ ನಮ್ಮ ಕೈಲಿಲ್ಲ ಮೇಡಂ." ಸರಿ, ಸಮುದ್ರ ನಿಮ್ಮ ಕೈಲಿಲ್ಲ. ಕ್ಯಾಮೆರಾ ನಿಮ್ಮ ಕೈಲೇ ಇತ್ತಲ್ಲ?

12 ಜನ ಮಲಗುವ ಲೆಕ್ಕವನ್ನು ಬೇಗ ಮುಗಿಸುತ್ತೇನೆ. ಮೂರು ಡಬಲ್ ಮಂಚ, ಬಿಚ್ಚಿದರೆ ಹಾಸಿಗೆ ಆಗುವ ಎರಡು ಸೋಫಾ, ಬೀರು ಹಿಂದೆ ನಿಲ್ಲಿಸಿದ್ದ ಒಂದು ಹಾಸಿಗೆ. ಒಂದು ಸೋಫಾ ಬಿಚ್ಚಿದರೆ ಬಾತ್‌ರೂಮ್ ಬಾಗಿಲು ತೆರೆಯುವುದಿಲ್ಲ. ಇಷ್ಟು ಸಾಕು.

ಈಗ ಮುಖ್ಯ ವಿಷಯ.

ನೀರು ಕುಡಿಯೋಣ ಅಂತ ಲೋಟ ಹುಡುಕುತ್ತಾ ಅಡುಗೆಮನೆಯ ಕಪಾಟು ತೆಗೆದೆ. ಬಾಗಿಲ ಒಳಮೈಗೆ ಒಂದು ಹಾಳೆ ಅಂಟಿಸಿದ್ದಾರೆ. ಹೊರಗಲ್ಲ, ಒಳಗೆ. ಲೋಟ ಬೇಕು ಅಂದವರಿಗೆ ಮಾತ್ರ ಕಾಣುವಂತೆ. ನಾಯಿಗಳು ಮಲಗುವ ಕೋಣೆಗೆ ಬರುವಂತಿಲ್ಲ. ಹಾಲ್‌ಗೆ, ಅಡುಗೆಮನೆಗೆ ಬರುವಂತಿಲ್ಲ. ಹಗಲೂ ರಾತ್ರಿ ಜಗಲಿಯಲ್ಲೇ ಕಟ್ಟಿರಬೇಕು. ಒಂಟಿಯಾಗಿ ಬಿಟ್ಟು ಹೋಗುವಂತಿಲ್ಲ. ಸೋಫಾ ಮೇಲೆ ಕೂದಲು ಸಿಕ್ಕರೆ ಡೆಪಾಸಿಟ್‌ನಲ್ಲಿ ಹಿಡಿಯಲಾಗುವುದು. ನಾನು ಎರಡು ಸಲ ಓದಿದೆ. ಹಿಂದೆ ಹಾಲ್‌ನಲ್ಲಿ ಗೆಳತಿಯ ನಾಯಿ ಆಗಲೇ ಸೋಫಾ ಹತ್ತಿ ಕುಣಿಯುತ್ತಿದೆ, ಎಲ್ಲರೂ ನಗುತ್ತಿದ್ದಾರೆ. ನಾನು ಆ ಕಪಾಟಿನ ಬಾಗಿಲು ಹಿಡಿದುಕೊಂಡು ನಿಂತಿದ್ದೇನೆ. ಆ ಕ್ಷಣದಲ್ಲಿ ನನಗೆ ಕೋಪಕ್ಕಿಂತ ಮೊದಲು ಬಂದಿದ್ದು ಭಯ, ಇದನ್ನು ಇವರಿಗೆಲ್ಲ ಹೇಗೆ ಹೇಳಲಿ ಅಂತ.

ಫೋನ್ ಮಾಡಿದೆ. ಸ್ಪೀಕರ್ ಹಾಕಿದೆ, ಅದೂ ತಪ್ಪಾಯಿತು. ಹತ್ತು ಜನರೂ ಕೇಳಿಸಿಕೊಂಡರು.

"ಪೆಟ್ ಫ್ರೆಂಡ್ಲಿ ಅಂತ ಹಾಕಿದ್ದೀರಲ್ಲ?"

"ಹೌದು ಮೇಡಂ. ಪೆಟ್ ಫ್ರೆಂಡ್ಲಿ ಅಂದ್ರೆ ನಾಯಿ ಕರ್ಕೊಂಡು ಬರಬಹುದು ಅಂತ. ಒಳಗೆ ಬಿಟ್ಕೊಳ್ಳಬಹುದು ಅಂತ ಎಲ್ಲೂ ಬರೆದಿಲ್ಲ."

"ಮತ್ತೆ ಫೋಟೋದಲ್ಲಿ ನಾಯಿ ಸೋಫಾ ಮೇಲೇ ಮಲಗಿದೆ?"

"ಅದು ನಮ್ಮ ನಾಯಿ ಮೇಡಂ."

ಅದು ನಮ್ಮ ನಾಯಿ. ಇದಕ್ಕೆ ಏನು ಉತ್ತರ ಕೊಡುತ್ತೀರಿ ಹೇಳಿ? ನನಗೆ ಹೊಳೆಯಲಿಲ್ಲ. ಫೋನ್ ಇಟ್ಟಮೇಲೆ ಜಾಹೀರಾತನ್ನು ಮೇಲಿಂದ ಕೆಳಗೆ ಓದಿದೆ. ನಿಜ. ನಾಯಿ ಒಳಗಿರಬಹುದು ಅಂತ ಎಲ್ಲೂ ಇಲ್ಲ. ಇರಬಾರದು ಅಂತಲೂ ಇಲ್ಲ. ಆ ಖಾಲಿ ಜಾಗವನ್ನು ನಾನೇ ನನ್ನ ಆಸೆಯಿಂದ ತುಂಬಿಕೊಂಡಿದ್ದೆ. ಆ ಫೋಟೋ ತುಂಬಿಸಿತ್ತು. "ನಿಮ್ಮ ಮನೆ ಅಂದ್ಕೊಳ್ಳಿ" ಅನ್ನುವ ಮಾತು ತುಂಬಿಸಿತ್ತು. ನಾಯಿ ಚಾರ್ಜ್ ಅಂತ ಬೇರೆ ತೆಗೆದುಕೊಂಡಿದ್ದಾರೆ, ತಲೆಗೊಂದರಂತೆ, ರಾತ್ರಿಗೊಂದರಂತೆ. ಯಾವುದಕ್ಕೆ? ಜಗಲಿಯ ಬಾಡಿಗೆಯಾ?

ವಾಪಸ್ ಹೋಗೋಣ ಅಂದರೆ ಬಾಡಿಗೆ ಪೂರ್ತಿ ಕಟ್ಟಿಯಾಗಿತ್ತು, ಕತ್ತಲಾಗಿತ್ತು, ಬೇರೆ ಕಡೆ 10 ಜನ ಎರಡು ನಾಯಿಗೆ ಯಾರು ಜಾಗ ಕೊಡುತ್ತಾರೆ. ಮುದುಕನನ್ನು ಅಲೆ ಬಡಿಯುವ ಜಗಲಿಯಲ್ಲಿ ಕಟ್ಟುವುದು ನನ್ನಿಂದ ಆಗಲಿಲ್ಲ. ಚಾಪೆ ಹಾಸಿಕೊಂಡು ನಾನೂ ಅಲ್ಲೇ ಮಲಗಿದೆ. ಬೆಳದಿಂಗಳು ನೋಡಬೇಕು ಅಂದಿದ್ದೆನಲ್ಲ, ಬೆಳಗಿನವರೆಗೂ ನೋಡಿದೆ. ಚಿಕ್ಕದು ಮೆಟ್ಟಿಲವರೆಗೆ ಬಂದ ನೀರನ್ನು ಯಾರ ಕಣ್ಣಿಗೂ ಬೀಳದೆ ನೆಕ್ಕಿ ನೆಕ್ಕಿ ಕುಡಿದು, ಬೆಳಗಿನ ಜಾವ ವಾಂತಿ ಮಾಡಿತು. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಜಾಸ್ತಿ ಕುಡಿದರೆ ನಾಯಿಯ ಜೀವಕ್ಕೇ ಅಪಾಯ. ನಮ್ಮ ಪುಣ್ಯ, ಒಳ್ಳೆಯ ನೀರು ಕೊಟ್ಟು ನೋಡಿಕೊಂಡಿದ್ದಕ್ಕೆ ಸುಧಾರಿಸಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲವೇನೋ. ಬೆಳಗ್ಗೆ ಎದ್ದರೆ ಒಳಗೆ ಮಲಗಿದ್ದವರ ಕಾಲು ತುಂಬಾ ಕೆಂಪು ಚುಕ್ಕೆ. ಕಣಕಾಲಿನ ಸುತ್ತ ಸಾಲುಸಾಲಾಗಿ. ಅಕ್ಕ ಬಿಳಿ ಸಾಕ್ಸ್ ಹಾಕಿಕೊಂಡು ಕೋಣೆಯಲ್ಲಿ ಎರಡು ಸುತ್ತು ಓಡಾಡಿದಳು. ಸಾಕ್ಸ್ ಮೇಲೆ ಕಪ್ಪು ಕಪ್ಪಗೆ ಜಿಗಿಯುತ್ತಿವೆ. ಚಿಗಟ. ಮಾಲೀಕರಿಗೆ ಫೋಟೋ ಕಳಿಸಿದೆ. ಎರಡು ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ಮೂರು ರಾತ್ರಿಗೆ ಅಂತ ಬಂದವರು ಎರಡೇ ರಾತ್ರಿಗೆ ಹೊರಟೆವು.

ಉತ್ತರ ಬಂದಿದ್ದು ನಾನು ಡೆಪಾಸಿಟ್ ಕೇಳಿದ ಮೇಲೆ. ಅಲ್ಲಿಯವರೆಗೆ 'ಮೇಡಂ' ಆಗಿದ್ದ ನಾನು ಈಗ 'ಡಿಯರ್ ಗೆಸ್ಟ್' ಆಗಿದ್ದೆ. "ಡಿಯರ್ ಗೆಸ್ಟ್, ನಿಮ್ಮ ನಾಯಿಗಳಿಂದ ಮನೆಗೆ ಚಿಗಟ ಬಂದಿದೆ. ಔಷಧ ಹೊಡೆಸಬೇಕು. ಹಾಲ್‌ನ ಬಾಗಿಲ ಮೇಲೆ ಗೀರು ಬಿದ್ದಿದೆ. ಡೆಪಾಸಿಟ್ ಇದಕ್ಕೆ ಸರಿಹೋಗುತ್ತದೆ." ಎಷ್ಟು ಸರಿಯಾಗಿ ಸರಿಹೋಯಿತು ನೋಡಿ, ಒಂದು ಪೈಸೆ ಆಚೆ ಈಚೆ ಇಲ್ಲ.

ನಾನು ನಮ್ಮ ನಾಯಿ ಡಾಕ್ಟರನ್ನು ಕೇಳಿದೆ. ಅವರು ನಕ್ಕುಬಿಟ್ಟರು. ಚಿಗಟದ ಮೊಟ್ಟೆ ಬೆಳೆದು ಕಚ್ಚುವ ಚಿಗಟ ಆಗಲು ಎಲ್ಲ ಅನುಕೂಲ ಇದ್ದರೂ ಎರಡು ಮೂರು ವಾರ ಬೇಕಂತೆ. ನಾವು ಹೋದ ಮೊದಲ ರಾತ್ರಿಯೇ ಮನೆ ತುಂಬಾ ಇತ್ತು ಅಂದರೆ ಅದು ಮುಂಚೆಯೇ ಅಲ್ಲಿತ್ತು. ಗೂಡಿನೊಳಗಿನ ಚಿಗಟ ಖಾಲಿ ಮನೆಯಲ್ಲಿ ತಿಂಗಳುಗಟ್ಟಲೆ ಕಾಯುತ್ತದಂತೆ. ಯಾರಾದರೂ ಬಂದು ಓಡಾಡಿ ನೆಲ ಅದುರಿದರೆ, ಮೈಬಿಸಿ, ಉಸಿರು ತಾಗಿದರೆ ಒಟ್ಟಿಗೆ ಹೊರಗೆ ಬರುತ್ತದೆ. ನಮ್ಮ ಎರಡಕ್ಕೂ ಪ್ರತಿ ತಿಂಗಳು ಚಿಗಟದ ಮಾತ್ರೆ ಕೊಡುತ್ತೇವೆ, ಚೀಟಿಯೂ ಇದೆ. ಅಲ್ಲದೆ ನಮ್ಮ ನಾಯಿಗಳು ಮಲಗಿದ್ದು ಜಗಲಿಯಲ್ಲಿ, ಅವರದೇ ರೂಲ್ ಪ್ರಕಾರ! ಚಿಗಟ ಇದ್ದಿದ್ದು ಒಳಗಿನ ಕೋಣೆಯಲ್ಲಿ! ಇದನ್ನೆಲ್ಲ ಬರೆದು ಕಳಿಸಿದೆ. ಬಂದ ಉತ್ತರ ಒಂದೇ ಸಾಲು: "ಹಿಂದಿನ ಗೆಸ್ಟ್ ಯಾರೂ ಕಂಪ್ಲೇಂಟ್ ಮಾಡಿಲ್ಲ."

ಬಾಗಿಲ ಗೀರಿನ ಕಥೆ ಇನ್ನೂ ಚೆನ್ನಾಗಿದೆ. ಅವರು ಕಳಿಸಿದ ಫೋಟೋದಲ್ಲಿ ಬಾಗಿಲ ಕೆಳಭಾಗದಲ್ಲಿ ನಾಲ್ಕು ಉದ್ದದ ಗೀರು. ಭಾವ ಜಾಹೀರಾತಿನ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರು. ಅದೇ ಫೋಟೋ, ಸೋಫಾ ಮೇಲೆ ನಾಯಿ ಮಲಗಿರುವುದು. ಸೋಫಾ ಹಿಂದೆ ಬಾಗಿಲು. ಬಾಗಿಲ ಕೆಳಗೆ ನಾಲ್ಕು ಗೀರು. ಅವೇ ನಾಲ್ಕು. ಅವರ ನಾಯಿಯದೇ! ನಾನು ಎರಡು ಫೋಟೋ ಪಕ್ಕಪಕ್ಕ ಇಟ್ಟು, ಕೆಂಪು ಸುತ್ತು ಹಾಕಿ ಕಳಿಸಿದೆ. ಈ ಸಲ ಗೆದ್ದೆ ಅಂದುಕೊಂಡೆ.

"ಡಿಯರ್ ಗೆಸ್ಟ್, ಹಳೇ ಗೀರು ಬೇರೆ, ಇದು ಬೇರೆ."

ಆಪ್‌ನವರಿಗೆ ದೂರು ಕೊಟ್ಟೆ. ಡೆಪಾಸಿಟ್ ನಮ್ಮ ಮೂಲಕ ಕಟ್ಟಿಲ್ಲ, ಆದ್ದರಿಂದ ಅದರ ಬಗ್ಗೆ ನಾವು ಏನೂ ಮಾಡಲು ಬರುವುದಿಲ್ಲ ಅಂದರು. ಕಮಿಷನ್ ಉಳಿಸಿದ್ದು ಯಾರಿಗೆ ಅಂತ ಆಗ ಗೊತ್ತಾಯಿತು.

ಹೋಗಲೇಬೇಕು ಅನ್ನುವವರು ದಯವಿಟ್ಟು ಇಷ್ಟು ಮಾಡಿ. ನಾಯಿ ಒಳಗೆ ಮಲಗಬಹುದಾ ಅಂತ ಇದೇ ಮಾತಿನಲ್ಲಿ, ಆಪ್‌ನ ಮೆಸೇಜಿನಲ್ಲೇ ಕೇಳಿ. ಫೋನಿನಲ್ಲಿ ಬೇಡ, ಫೋನಿನಲ್ಲಿ ಎಲ್ಲರೂ ನಾಯಿ ಪ್ರಿಯರೇ. ನಿಯಮಗಳ ಹಾಳೆ ಇದ್ದರೆ ಮುಂಚೆಯೇ ಕಳಿಸಲು ಹೇಳಿ. ಉಬ್ಬರ ಬಂದಾಗಿನ ಫೋಟೋ ಕೇಳಿ. ಡೆಪಾಸಿಟ್ ಹೊರಗಡೆ ಕಟ್ಟಬೇಡಿ, ಅವರು ಎಷ್ಟೇ 'ಅಲ್ವಾ' ಅಂದರೂ. ಕಾಲಿಟ್ಟ ತಕ್ಷಣ, ಸಮುದ್ರ ನೋಡುವ ಮುಂಚೆ, ಪ್ರತಿ ಬಾಗಿಲಿನ ವಿಡಿಯೋ ತೆಗೆಯಿರಿ. ಬಿಳಿ ಸಾಕ್ಸ್ ತೆಗೆದುಕೊಂಡು ಹೋಗಿ, ನಗಬೇಡಿ.

ಡೆಪಾಸಿಟ್‌ನಲ್ಲಿ ಎಲ್ಲರ ಪಾಲನ್ನೂ ನಾನು ಕೈಯಿಂದ ಕೊಡಲು ಹೋದೆ. ನಾಲ್ಕು ಜನ ತೆಗೆದುಕೊಂಡರು. ಉಳಿದವರು "ಬಿಡೇ, ನೀನೇನು ಮಾಡ್ತೀಯ" ಅಂದರು. ಅವರ ಆ ಮಾತೇ ನನಗೆ ಜಾಸ್ತಿ ಚುಚ್ಚಿತು.

ಮೊನ್ನೆ ಮತ್ತೆ ಒಂದು ಮೆಸೇಜ್ ಬಂತು. ದುಡ್ಡಿನ ಬಗ್ಗೆ ಇರಬಹುದು ಅಂತ ಓಡಿ ತೆಗೆದೆ. "ಡಿಯರ್ ಗೆಸ್ಟ್, ನಿಮ್ಮ ಅನುಭವ ಹೇಗಿತ್ತು? 5 ಸ್ಟಾರ್ ಕೊಟ್ಟು ಪ್ರೋತ್ಸಾಹಿಸಿ." ಕೆಳಗೆ ಅದೇ ಫೋಟೋ. ಸೋಫಾ ಮೇಲೆ ಆ ನಾಯಿ, ಹಿಂದೆ ಆ ಬಾಗಿಲು. ಈಗ ಬಾಗಿಲ ಕೆಳಭಾಗವನ್ನು ಮಾತ್ರ ಕತ್ತರಿಸಿದ್ದಾರೆ.