ಯೋಜಿತ ಬಡಾವಣೆಯಲ್ಲಿ 19 ವರ್ಷ: ಇದ್ದು ನೋಡಿ ಬರೆದದ್ದು

ನಾವು ಈ ಬಡಾವಣೆಗೆ ಬಂದಾಗ ಮಗಳಿಗೆ 4 ವರ್ಷ. ಈಗ 23. ಆಗ ಅರ್ಧಕ್ಕಿಂತ ಜಾಸ್ತಿ ಸೈಟುಗಳು ಖಾಲಿ ಇದ್ದವು, ಈಗ ಒಂದೂ ಇಲ್ಲ. ಯೋಜಿತ ಬಡಾವಣೆಯಲ್ಲಿ ಮನೆ ಕೊಳ್ಳೋಣ ಅಂತಿರುವವರಿಗೆ ಇಲ್ಲಿ ನಿಜಕ್ಕೂ ಏನು ಚೆನ್ನಾಗಿದೆ, ಏನು ಕೈಕೊಟ್ಟಿತು ಅಂತ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲ ವರ್ಷಗಳು ಕಷ್ಟದವು. ನಕ್ಷೆಯಲ್ಲಿ ಅಂಗಡಿ ಸಾಲು, ಬಸ್ ನಿಲ್ದಾಣ ಎಲ್ಲವೂ ಇದ್ದವು. ಆದರೆ ಜನ ಇಲ್ಲದೆ ಅಂಗಡಿ ತೆರೆಯುವವರಿಲ್ಲ, ಅಂಗಡಿ ಇಲ್ಲದೆ ಜನ ಬರುವುದಿಲ್ಲ. ಬಸ್ಸಿನ ಕಥೆಯೂ ಅದೇ. ಸಣ್ಣ ಸಾಮಾನಿಗೂ ಗಾಡಿ ತೆಗೆಯಬೇಕಿತ್ತು. ಆರನೇ ವರ್ಷದ ಹೊತ್ತಿಗೆ ಒಂದು ಹದಕ್ಕೆ ಬಂತು.

ಈ ಜಾಗದ ಬಗ್ಗೆ ನನಗೆ ಅತಿ ಹೆಚ್ಚು ಪ್ರೀತಿ ಹುಟ್ಟಿಸಿದ್ದು ಶಾಲೆಯ ದಾರಿ. ಶಾಲೆ ಬಡಾವಣೆಯ ನಟ್ಟನಡುವೆ ಇದೆ. ದೊಡ್ಡ ರಸ್ತೆಗಳು ಹೊರಗಿನ ಅಂಚಿನಲ್ಲೇ ಸುತ್ತಿಕೊಂಡು ಹೋಗುತ್ತವೆ. ಎರಡನೇ ತರಗತಿಯಿಂದಲೇ ಮಗಳು ಗೆಳತಿಯರ ಜೊತೆ ನಡೆದು ಹೋದಳು, ಒಂದು ದೊಡ್ಡ ರಸ್ತೆಯನ್ನೂ ದಾಟದೆ. ಇದು ಅದೃಷ್ಟ ಅಂದುಕೊಂಡಿದ್ದೆ, ಅಲ್ಲ. 1929ರಲ್ಲಿ ಅಮೆರಿಕದ ಕ್ಲಾರೆನ್ಸ್ ಪೆರಿ ಅನ್ನುವವರು ಹೀಗೇ ಇರಬೇಕು ಅಂತ ಲೆಕ್ಕ ಹಾಕಿ ಹೇಳಿದ್ದರು. ನಡುವೆ ಶಾಲೆ, ಅದರಿಂದ ಮನೆಗಳು ಸುಮಾರು 400 ಮೀಟರ್ ಒಳಗೆ, ವಾಹನಗಳ ಭರಾಟೆ ಹೊರಗೆ, ಹತ್ತರಲ್ಲೊಂದು ಪಾಲು ಜಾಗ ಪಾರ್ಕಿಗೆ. ನಮ್ಮದೂ ಹೆಚ್ಚುಕಡಿಮೆ ಅದೇ ಅಚ್ಚು. ಆ ಹತ್ತು ವರ್ಷ ನಾನು ಒಂದು ದಿನವೂ ಗೇಟಿನ ಹತ್ತಿರ ನಿಂತು ಆತಂಕಪಟ್ಟಿಲ್ಲ. ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಮನೆಗಳ ಹಿಂದಿನ ಕಾಲುದಾರಿ ಮಾತ್ರ ಅಂದುಕೊಂಡಂತೆ ಆಗಲಿಲ್ಲ. ನಮ್ಮ ಕಡೆ ಮುಂದೆ ಡೆಡ್ ಎಂಡ್ ರಸ್ತೆ, ಹಿಂದೆ ಗಿಡಮರಗಳ ನಡುವೆ ನಡೆಯುವ ದಾರಿ. ಕಾರು ಒಂದು ಕಡೆ, ಮಕ್ಕಳು ಇನ್ನೊಂದು ಕಡೆ ಅನ್ನುವುದು ಯೋಚನೆ. ನ್ಯೂಜೆರ್ಸಿಯ ರ್‍ಯಾಡ್‌ಬರ್ನ್‌ನಲ್ಲಿ 1929ರಲ್ಲೇ ಹೀಗೆ ಕಟ್ಟಿದ್ದರು. ಆದರೆ ಮಕ್ಕಳು ಹಿಂದಿನ ಹಸಿರಿಗೆ ಹೋಗಲೇ ಇಲ್ಲ. ಮುಂದಿನ ರಸ್ತೆಯಲ್ಲೇ ಆಡಿದರು. ಅಲ್ಲಿ ನೆಲ ಗಟ್ಟಿ, ಸೈಕಲ್ ಓಡುತ್ತದೆ, ಬರುವವರು ಹೋಗುವವರು ಕಾಣುತ್ತಾರೆ. ರ್‍ಯಾಡ್‌ಬರ್ನ್‌ನಲ್ಲೂ ಮಕ್ಕಳು ಆ ರಸ್ತೆಗಳಲ್ಲೇ ಆಡುತ್ತಿದ್ದರಂತೆ ಅಂತ ಆಮೇಲೆ ಓದಿದೆ. ನಮ್ಮಲ್ಲಿ ಎಲ್ಲರೂ ಹಿಂದಿನ ಕಾಂಪೌಂಡ್ ಎತ್ತರಿಸಿಕೊಂಡ ಮೇಲಂತೂ ಆ ದಾರಿಯ ಮೇಲೆ ಯಾರ ಕಣ್ಣೂ ಇಲ್ಲ. ಕತ್ತಲಾದರೆ ನಾನೂ ಅಲ್ಲಿ ನಡೆಯುವುದಿಲ್ಲ. ನಾಲ್ಕು ಮನೆಯವರು ಒಪ್ಪಿ ಗೋಡೆ ತಗ್ಗಿಸಿ, ದೀಪ ಹಾಕಿಸಿದ ಕಡೆ ಈಗ ಸಂಜೆ ಜನ ಓಡಾಡುತ್ತಾರೆ. ಉಳಿದವರಿಗೂ ಹೇಳುತ್ತಲೇ ಇದ್ದೇನೆ.

ಮಳೆ ನೀರಿನ ಮಾತು ಚಿಕ್ಕದು, ಆದರೆ ಮುಖ್ಯ. ಹಳೇ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಹಾಕುತ್ತಾ ಹೋದರೆ ಪ್ರತಿ ಸಲವೂ ರಸ್ತೆ ಮೇಲೇರುತ್ತದೆ, ಮನೆ ಇದ್ದಲ್ಲೇ ಇರುತ್ತದೆ. ನಮ್ಮ ಗೇಟು ಈಗ ರಸ್ತೆಗಿಂತ ಒಂದು ಗೇಣು ಕೆಳಗಿದೆ. ಜೋರು ಮಳೆ ಬಂದರೆ ಚರಂಡಿಗೆ ಹೋಗಬೇಕಾದ ನೀರು ಅಂಗಳಕ್ಕೆ ಬರುತ್ತದೆ.

ಮೊದಲ ಐದು ವರ್ಷದಲ್ಲಿ ಯಾರ ಕಣ್ಣಿಗೂ ಬೀಳದ ದೋಷ ಇನ್ನೊಂದಿದೆ. ನಾವೆಲ್ಲ ಒಂದೇ ಸಮಯಕ್ಕೆ, ಒಂದೇ ವಯಸ್ಸಿನಲ್ಲಿ, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಬಂದೆವು. ಒಟ್ಟಿಗೇ ವಯಸ್ಸಾಗುತ್ತಿದೆ. ಒಂದು ಕಾಲಕ್ಕೆ ಶಾಲೆಯಲ್ಲಿ ಸೀಟು ಸಿಗುತ್ತಿರಲಿಲ್ಲ, ಈಗ ಕೊಠಡಿಗಳು ಖಾಲಿ. ಆಟದ ಜಾರುಬಂಡೆ ಸುಮ್ನೆ ನಿಂತಿದೆ. ಅದೇ ಪಾರ್ಕಿನಲ್ಲಿ ಬೆನ್ನು ಆನಿಸಿ ಕೂರುವ ಬೆಂಚು ಸಾಲುತ್ತಿಲ್ಲ. ಟೋಕಿಯೋ ಪಕ್ಕದ ತಾಮಾ ನ್ಯೂ ಟೌನ್‌ಗೆ 1971ರಲ್ಲಿ ಜನ ಬರಲು ಶುರುವಾದರು. ಅಲ್ಲೂ ಮುಂದೆ ಇದೇ ಆಯಿತು. ಶಾಲೆಗಳು ಮುಚ್ಚಿದವು, ಲಿಫ್ಟ್ ಇಲ್ಲದ ಕಟ್ಟಡಗಳ ಮೇಲಂತಸ್ತಿನಲ್ಲಿ ವಯಸ್ಸಾದವರು ಉಳಿದರು. ನಮ್ಮ ನಕ್ಷೆ ಬರೆದವರು ಮಕ್ಕಳನ್ನು ಅಷ್ಟು ಚೆನ್ನಾಗಿ ನೆನೆದರು, ಅವರ ಅಪ್ಪ ಅಮ್ಮಂದಿರಿಗೆ ಎಪ್ಪತ್ತಾಗುತ್ತದೆ ಅನ್ನುವುದನ್ನು ಮರೆತರು. ನನಗೆ ಇದೇ ತುಂಬಾ ಬೇಜಾರು.

ಮನೆಗಳೆಲ್ಲ ಒಂದೇ ಅಳತೆ ಆಗಿರುವುದೇ ಇದರ ಮೂಲ. ಓದು ಮುಗಿಸಿ ಕೆಲಸಕ್ಕೆ ಸೇರಿದ ಮಗಳು ಇಲ್ಲೇ ಹತ್ತಿರ ಇರಬೇಕು ಅಂದಳು. ಅವಳಿಗೆ ಸಾಲುವಂಥ ಸಣ್ಣ ಮನೆ ಇಡೀ ಬಡಾವಣೆಯಲ್ಲಿ ಇಲ್ಲ. ನಮಗೂ ಇಷ್ಟು ದೊಡ್ಡ ಮನೆ ಬೇಡ. ಆದರೆ ಪರಿಚಯದ ಬೀದಿ ಬಿಡದೆ ಚಿಕ್ಕ ಮನೆಗೆ ಹೋಗೋಣ ಅಂದರೆ ಅದೂ ಆಗದು.

ಚಿಕ್ಕ ಮಕ್ಕಳಿದ್ದರೆ ಇಂಥ ಬಡಾವಣೆಗೆ ಧೈರ್ಯವಾಗಿ ಬನ್ನಿ. ಕೊಳ್ಳುವ ಮುಂಚೆ ಜೋರು ಮಳೆಯ ದಿನ ಒಮ್ಮೆ, ರಾತ್ರಿ ಒಮ್ಮೆ ಹೋಗಿ ನಡೆದು ನೋಡಿ. ಸಣ್ಣ ಮನೆ, ಬಾಡಿಗೆ ಮನೆ, ದೊಡ್ಡ ಮನೆ ಮೂರೂ ಒಂದೇ ಬೀದಿಯಲ್ಲಿ ಸಿಗುತ್ತವಾ ಅಂತ ಕೇಳಿ. ನಾವು ಹೋದ ತಿಂಗಳು ಮಹಡಿಯ ಮಲಗುವ ಕೋಣೆಯನ್ನು ಕೆಳಗೆ ತಂದೆವು. ಮಹಡಿಗೆ ಹೊರಗಿನಿಂದ ಮೆಟ್ಟಿಲು ಹಾಕಿಸಿ, ಅದನ್ನು ಮಗಳಿಗೆ ಬೇರೆ ಮನೆಯಾಗಿ ಮಾಡಿಕೊಡಲು ಅನುಮತಿ ಕೇಳಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.